ತರನ್ನುಮಳಿಗೆ ಬಂದ ಎರಡು ಸೀಟು

"ನಗ್ತೀರಲ್ರೀ... ಇದು ನಗೂ ವಿಷಯ ಏನ್ರಿ?"

ಹಾವೇರಿಯ ಕಾಲೇಜಿನ ಕಚೇರಿ ಕಿಟಕಿಯ ಮುಂದೆ ನಿಂತಿದ್ದ ತರನ್ನುಮಳ ಕಣ್ಣುಗಳು ತುಂಬಿದ್ದವು. ಅಂಕಪಟ್ಟಿಯಲ್ಲಿ ಅವಳ ಹೆಸರು 'ತರಂಗಮ' ಎಂದು ಅಚ್ಚಾಗಿತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದ ಯುವಕನೊಬ್ಬ ಅದನ್ನು ಇಣುಕಿ ನೋಡಿ ನಕ್ಕುಬಿಟ್ಟಿದ್ದ.

"ತಪ್ಪಾತ್ರಿ. ಫಿಸಿಕ್ಸ್ ಓದಾವ್ರಿಗೆ ಎಂಥಾ ಹೆಸರು ಬಿದ್ದೈತಿ ಅಂತ ನಗು ಬಂತು. ಅಳಬ್ಯಾಡ್ರಿ, ಅರ್ಜಿ ನಾ ಬರದು ಕೊಡ್ತೇನಿ."

ಅವನು ಫಿರೋಜ್. ರಾಣೆಬೆನ್ನೂರಿನ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕ. ತನ್ನ ಹಳೆಯ ಪ್ರಮಾಣಪತ್ರಕ್ಕಾಗಿ ಬಂದವನು, ಮೂರು ಮೇಜು ಅಲೆದು ಅವಳ ಹೆಸರು ಸರಿ ಮಾಡಿಸಿಯೇ ಹೊರಟ.

ಅದಾಗಿ ಒಂದು ವರ್ಷ. ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುವಾಗ ತಿಳಿಯದ್ದನ್ನೆಲ್ಲ ಅವಳು ಫೋನಿನಲ್ಲಿ ಅವನನ್ನೇ ಕೇಳಿದಳು. ಮನೆಗೆ ಬಂದು ಹೋಗಿ ಅಮ್ಮನಿಗೂ ಅವನು ಪರಿಚಯವಾದ. ಪಾಠ ಮುಗಿದು ಬರೀ ಮಾತು ಉಳಿದದ್ದು ಯಾವಾಗಿನಿಂದಲೋ, ಇಬ್ಬರಿಗೂ ತಿಳಿಯಲಿಲ್ಲ.

ಈಗ ಅವಳಿಗೆ ಎರಡು ಸೀಟು ಸಿಕ್ಕಿದ್ದವು. ಧಾರವಾಡದಲ್ಲಿ ಭೌತಶಾಸ್ತ್ರ. ಕೇರಳದಲ್ಲಿ ಖಗೋಳ ಭೌತಶಾಸ್ತ್ರ. ನಕ್ಷತ್ರ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ... ಏಳನೇ ಇಯತ್ತೆಯಿಂದ ಅವಳು ಎಲ್ಲರನ್ನೂ ಕೇಳುತ್ತ ಬಂದದ್ದೇ ಅದು! ಶುಕ್ರವಾರ ಸಂಜೆ ಐದರೊಳಗೆ ಯಾವುದಾದರೂ ಒಂದಕ್ಕೆ ಒಪ್ಪಿಗೆ ಕಳಿಸಬೇಕಿತ್ತು.

ಆದರೆ ಬ್ಯಾಡಗಿಯ ಮನೆಯಲ್ಲಿ ಇದ್ದವರು ಅವಳು ಮತ್ತು ಅಮ್ಮ ರಹಿಮತಬಿ, ಇಬ್ಬರೇ. ಇಪ್ಪತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಅಮ್ಮನ ಎದೆ ಹಾಳಾಗಿತ್ತು. ಘಾಟು ಎದ್ದ ದಿನ ಉಸಿರಿಗೆ ಪರದಾಡುತ್ತಿದ್ದಳು.

'ಒಬ್ಬರಾದರೂ ಹೋಗು ಅನ್ನಬಾರದೇ... ಒಬ್ಬರೇ ಒಬ್ಬರು!'

ಗುರುವಾರ ರಾಣೆಬೆನ್ನೂರಿಗೆ ಹೋಗಿ ಬಸ್ ನಿಲ್ದಾಣದಲ್ಲಿ ಫಿರೋಜ್‌ನನ್ನು ಕಂಡಳು.

"ಫಿಸಿಕ್ಸ್ ತಗೋ," ಎಂದ ಅವನು, ಅವಳ ಮುಖ ನೋಡದೆ. "ಧಾರವಾಡ ಹತ್ರ ಐತಿ, ರೈಲಿಗೆ ಹೋಗಿ ರಾತ್ರಿ ಮನಿಗೆ ಬರಬಹುದು. ನೌಕರಿನೂ ಲಗೂ ಸಿಗ್ತೈತಿ."

"ನೀವೂ ಹಂಗ ಅಂತೀರಾ? ಕೇರಳಕ್ಕ ಅರ್ಜಿ ಹಾಕಿಸಿದವ್ರು ನೀವ ಅಲ್ಲೇನ್ರಿ!"

"ಆಗಿಂದು ಬ್ಯಾರೆ..."

"ಏನ್ ಬ್ಯಾರೆ? ಹುಡುಗಿ ಕೈಗೆ ಸಿಗೂವಷ್ಟು ದೂರದಾಗ ಓದ್ಲಿ, ಅಷ್ಟ ಅಲ್ಲ?"

ಅವನು ಬಸ್ಸುಗಳತ್ತ ಮುಖ ತಿರುಗಿಸಿದ.

"ಇನ್ನ ನನಗ ಫೋನ್ ಮಾಡಬ್ಯಾಡ್ರಿ."

ಬಸ್ ಹತ್ತಿದವಳು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು.

ಶುಕ್ರವಾರ ಮೂರು ಗಂಟೆ. ಮೊಬೈಲ್ ಹಿಡಿದು ಕೂತಿದ್ದ ಮಗಳ ಕೆಂಪು ಕಣ್ಣನ್ನು ರಹಿಮತಬಿ ನೋಡಿದಳು.

"ಫಿರೋಜ್ ಫೋನ್ ಮಾಡಿಲ್ಲೇನ, ಬೇಟಿ?"

"ಅವರ ಹೆಸರು ತಗೀಬ್ಯಾಡ ಅಮ್ಮಾ. ಹೋಗಬ್ಯಾಡ ಅಂದ್ರು ಅವ್ರು."

ಅಮ್ಮನ ಮುಖ ಬಾಡಿತು.

"ಅವ ಅಂದಿಲ್ಲ... ನಾ ಅನ್ನಿಸೇನಿ."

"ಏನಂದಿ?"

"ಬುಧವಾರ ನೀ ಇಲ್ಲದಾಗ ಬಂದಿದ್ದ. 'ಕಳಸ್ರಿ ಅಮ್ಮಾ, ನಿಮ್ಮನ್ನ ನಾ ನೋಡ್ಕೋತೇನಿ' ಅಂದ. ನಾನ ಅವನ ಕೈ ಹಿಡ್ಕೊಂಡು ಅತ್ತೆ. ಉಸಿರು ಸಿಗದಾಗ ನೀ ಬಾಜೂಕ ಇರ್ಲಿಲ್ಲಂದ್ರ ಹೆದರಿಕಿ ಬರ್ತೈತಿ ಬೇಟಿ... ಅದನ್ನ ನಿನ್ನ ಮುಂದ ಹೆಂಗ ಹೇಳ್ಲಿ? 'ಹೋಗಬ್ಯಾಡ ಅಂತ ನೀನ ಹೇಳಪ್ಪಾ' ಅಂತ ಅವಂಗ ಅಂದೆ. ನನ್ನ ಹೆಸರು ಹೇಳಬಾರ್ದು ಅಂತ ಆಣಿನೂ ಹಾಕ್ಸಿದೆ."

ತರನ್ನುಮಳಿಗೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಬರಬೇಕು?

"ತಪ್ಪು ನಂದು. ನೀ ಹೋಗು..." ಎನ್ನುವಷ್ಟರಲ್ಲಿ ಅಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಬೆನ್ನು ಸವರುತ್ತ, ಉಸಿರಿನ ಔಷಧದ ಪಂಪು ಬಾಯಿಗಿಟ್ಟು, ಬಿಸಿನೀರು ಕುಡಿಸಿ ಮಲಗಿಸುವಾಗ ನಾಲ್ಕೂವರೆ ದಾಟಿತ್ತು.

ಅಮ್ಮ ಅವಳ ಕೈ ಬಿಟ್ಟಿರಲಿಲ್ಲ. ಇನ್ನೊಂದು ಕೈಯಿಂದ ತರನ್ನುಮ ಧಾರವಾಡಕ್ಕೆ ಒಪ್ಪಿಗೆ ಒತ್ತಿದಳು. ಕೇರಳದ ಪುಟ ತೆರೆದು 'ಬರಲಾಗುವುದಿಲ್ಲ' ಎಂದು ಬರೆದಳು. ಯಾರೂ ಬಲವಂತ ಮಾಡಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಆಮೇಲೆ ಫಿರೋಜ್‌ಗೆ ಫೋನ್ ಮಾಡಿದಳು. "ಬರ್ತೀರೇನು?" ಎಂದಷ್ಟೇ ಕೇಳಿದಳು.

ಒಂದು ತಾಸಿನೊಳಗೆ ಅವನು ಬಾಗಿಲಲ್ಲಿ ನಿಂತಿದ್ದ.

"ಫಿಸಿಕ್ಸ್ ತಗೊಂಡೆ."

ಅವನು ತಲೆ ತಗ್ಗಿಸಿದ. "ನಾ ಅಂದಿದ್ದಕ್ಕೇನು?"

"ನಿಮ್ಮ ಮಾತಷ್ಟ ಆಗಿದ್ರ ಸಿಟ್ಟಿಗೆದ್ದು ಕೇರಳಕ್ಕ ಹೋಗಿಬಿಡ್ತಿದ್ದೆ! ಅಮ್ಮನ ಕೆಮ್ಮು ಕೇಳಿ ತಗೊಂಡೆ." ಅವಳ ಧ್ವನಿ ಒಡೆಯಿತು. "ಎಲ್ಲಾ ಹೇಳಿದ್ಲು ಅಮ್ಮ. ನಾ ಅಷ್ಟೆಲ್ಲ ಅಂದ್ರೂ ಯಾಕ ಸುಮ್ನ ನಿಂತ್ರಿ?"

"ಆಣಿ ಇತ್ತು. ಮತ್ತ... ನೀ ಅಂದಿದ್ದು ಪೂರ್ತಿ ಸುಳ್ಳೂ ಇರ್ಲಿಲ್ಲ ತರನ್ನುಮ. ಧಾರವಾಡ ಅನ್ನೂವಾಗ ಎದಿಯೊಳಗ ಎಲ್ಲೋ ಒಂದೀಟು ಖುಷಿ ಆತು. ಅದಕ್ಕ ನನಗ ನಾಚ್ಕಿ ಬಂತು."

ಅವಳು ಅವನನ್ನೇ ನೋಡಿದಳು. ಇಷ್ಟು ಖರೇ ಮಾತು ಯಾರೂ ಅವಳಿಗೆ ಹೇಳಿರಲಿಲ್ಲ.

"ನೀ ಅಂದ್ರ ಭಾಳ ಪ್ರೀತಿ ನನಗ," ಎಂದ ಅವನು ಮೆಲ್ಲಗೆ. "ಫಿಸಿಕ್ಸ್ ಮುಗಿಸಿನೂ ನಕ್ಷತ್ರದ ಮ್ಯಾಲೆ ಪಿಎಚ್.ಡಿ. ಮಾಡಾಕ ಬರ್ತೈತಿ. ಎರಡು ವರ್ಷ ತಡಿ. ಆಗ ಅಮ್ಮನ ಬಾಜೂಕ ನಾ ಇರ್ತೇನಿ."

"ನಾ ಎಲ್ಲೋ, ನೀವು ಇಲ್ಲಿ... ತಡಕೋತೀರೇನು?"

"ಇಲ್ಲ," ಎಂದ ಫಿರೋಜ್. "ಆದ್ರೂ ಕಳಸ್ತೇನಿ."