ಐದು ಗಂಟೆಯ ಗೊರಗೊರ

ಮೇಲಿನ ಮನೆಯವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ದಿನವಿಡೀ ಕಂಪ್ಯೂಟರಿನಲ್ಲಿ ಊರವರ ಮನೆಗಳ ನಕ್ಷೆ ಬರೆಯುವ ಈ ಮಹಾಶಯನಿಗೆ ತನ್ನ ಅಂಗಿಯ ಗುಂಡಿ ನೆಟ್ಟಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವನ ಕಂಪ್ಯೂಟರಿನ ದೆಸೆಯಿಂದ, ಕಣ್ಣು ಕಾಣದ ನಮ್ಮಜ್ಜನ ರೇಡಿಯೊ ಸಂಜೆಯಿಡೀ ಗೊರಗುಟ್ಟುತ್ತಿತ್ತು.

ಮೂರು ವಾರದ ಹಿಂದೆ ಮೆಟ್ಟಿಲು ಹತ್ತಿ ಹೋಗಿ ಚೆನ್ನಾಗಿ ಬೈದು ಬಂದಿದ್ದೆ. ಅಂದಿನಿಂದ ದಿನಾ ಇಳಿದು ಬರುತ್ತಿದ್ದ. ಗೊರಗೊರ ತಡೆಯೋಕೆ ವೈರ್‌ಗೆ ಫೆರೈಟ್ ಅನ್ನೋ ಕಾಂತದ ತುಂಡು ಸಿಕ್ಕಿಸಿದೆ ಎನ್ನುತ್ತಿದ್ದ, ಪ್ಲಗ್ ಬದಲಾಯಿಸಿದೆ ಎನ್ನುತ್ತಿದ್ದ. ಗೊರಗೊರ ಹಾಗೇ ಇತ್ತು.

“ನಿಮ್ಮ ಕೈಲಿ ಆಗೋ ಕೆಲಸ ಏನಾದ್ರೂ ಇದೆಯಾ?” ಎಂದೆ ಒಮ್ಮೆ.

“ಬೈಸ್ಕೊಳ್ಳೋದು ಚೆನ್ನಾಗಿ ಬರುತ್ತೆ,” ಎಂದು ಓರೆಗಣ್ಣಿನಲ್ಲಿ ನೋಡಿದ. ಹಲ್ಲು ಬೇರೆ ಕಿರಿದ.

ಆ ಭಾನುವಾರ ಐದಕ್ಕೆ, ಅಜ್ಜಿ ಹಿಂದೆಂದೋ ಪಾತ್ರ ಮಾಡಿದ್ದ ನಾಟಕ ರೇಡಿಯೊದಲ್ಲಿ ಮತ್ತೆ ಬರುವುದಿತ್ತು. ಅಜ್ಜಿ ಹೋಗಿ ಒಂಬತ್ತು ವರ್ಷ. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅಜ್ಜ ನಾಲ್ಕಕ್ಕೇ ಒಗೆದ ಅಂಗಿ ತೊಟ್ಟು ಕುಳಿತಿದ್ದ. ನಾನು ಪಕ್ಕದ ಮೇಜಿನಲ್ಲಿ ಎಂದಿನಂತೆ ನನ್ನ ಕಂಪ್ಯೂಟರಿನಲ್ಲಿ ಯಾರದೋ ಪುಸ್ತಕದ ಕರಡು ತಿದ್ದುತ್ತಿದ್ದೆ. ಐದಕ್ಕೆ ಐದು ನಿಮಿಷವಿದ್ದಾಗ ಅವನು ಬಂದ.

“ನನ್ನ ಕಂಪ್ಯೂಟರ್ ಆಫ್ ಮಾಡಿ ಬಂದೆ.”

“ಮತ್ತೆ ಇನ್ನೂ ಗೊರಗುಟ್ತಿದೆಯಲ್ಲ?”

“ಇವತ್ತು ಸುಮ್ನಿರೋಕಾಗಲ್ಲ. ನಿಮ್ಮದನ್ನ ಆಫ್ ಮಾಡಿ.”

ಕೊಬ್ಬು ನೋಡಿ. ಅವನ ಮುಖಭಂಗ ಮಾಡಲೆಂದೇ ಸ್ವಿಚ್ ಆರಿಸಿದೆ. ಗೊರಗೊರ ನಿಂತೇ ಹೋಯಿತು. ಸೆಕೆಗೆಂದು ನಾನೇ ಬಿಚ್ಚಿಟ್ಟಿದ್ದ ಕಂಪ್ಯೂಟರಿನ ಪಕ್ಕದ ತಗಡನ್ನು ಅವನು ಬೆರಳಲ್ಲಿ ತೋರಿಸಿದ. “ಇದು ತೆಗೆದಿದ್ದಕ್ಕೇ ಇದರ ಗದ್ದಲ ರೇಡಿಯೊಗೆ ಬರ್ತಿತ್ತು.”

ಅಷ್ಟರಲ್ಲಿ ಅಜ್ಜಿ ಮಾತಾಡಿದಳು. ಅರ್ಧ ಗಂಟೆ ಅಜ್ಜ ರೇಡಿಯೊದ ಮೇಲಿಟ್ಟ ಕೈ ತೆಗೆಯಲಿಲ್ಲ.

ನಾಟಕ ಮುಗಿದ ಮೇಲೆ ಅವನನ್ನು ಕೇಳಿದೆ, “ಯಾವಾಗ ಗೊತ್ತಾಯ್ತು?”

“ಎರಡನೇ ದಿನ.”

“ಹೇಳೋಕೆ ಬಾಯಿರಲಿಲ್ವಾ?”

“ಹೇಳಿದ್ರೆ ಇಲ್ಲಿಗೆ ಬರೋಕೆ ನೆಪ ಎಲ್ಲಿರ್ತಿತ್ತು?” ಕಿವಿಯವರೆಗೂ ಕೆಂಪಾಗಿದ್ದ.

“ಹೇಡಿ. ಮುದುಕರ ರೇಡಿಯೊ ಗೊರಗುಟ್ಟೋಕೆ ಬಿಟ್ಟು ಪ್ರೀತಿ ಮಾಡ್ತೀರಾ?”

“ಅವನಿಗೆ ಬೈಬೇಡ ಕಣೇ,” ಅಂದ ಅಜ್ಜ. “ನಂಗೆ ಅವತ್ತೇ ಹೇಳಿದ್ದ. ಸುಮ್ನಿರು ಅಂದಿದ್ದು ನಾನು. ವಾರ್ತೆ ನಾಳೆನೂ ಬರುತ್ತೆ, ನಿನ್ನ ಬೈಗುಳ ಕೇಳ್ಕೊಂಡು ಮತ್ತೆ ಬರೋನು ಇನ್ನೊಬ್ಬ ಎಲ್ಲಿ ಸಿಗ್ತಾನೆ?”

ಮೂರು ವಾರ ಆ ಮುದುಕ ನನಗೋಸ್ಕರ ಬರೀ ಗೊರಗೊರ ಕೇಳುತ್ತ ಕುಳಿತಿದ್ದ.

ಅಳು ಕಾಣಬಾರದೆಂದು ತಗಡು ಎತ್ತಿಕೊಂಡೆ. ಸ್ಕ್ರೂ ಕೂರಲೇ ಇಲ್ಲ. “ನಿಂತು ಏನ್ ನೋಡ್ತೀರಾ, ಬಂದು ಹಿಡ್ಕೊಳ್ಳಿ,” ಎಂದೆ. ಹಿಡಿದುಕೊಂಡ. ಅಂಗಿಯ ಗುಂಡಿ ಅವತ್ತೂ ತಪ್ಪಾಗಿತ್ತು. ಅಜ್ಜನಿಗೆ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಬಿಚ್ಚಿ ನೆಟ್ಟಗೆ ಹಾಕಿದೆ.

“ನಾಳೆ ಯಾವ ನೆಪಾನೂ ತರಬೇಡಿ,” ಎಂದೆ. “ಸುಮ್ನೆ ಬನ್ನಿ.”