ಭಾಳ ವಜನ ಅದ!

“ಏ, ಕೆಳಗ ಇಳೀರಿ! ಗಾಡಿ ಮ್ಯಾಲ ಮನಷ್ಯಾರು ಕುಂತ್ರ ನಾ ತೂಕ ಹಿಡಿಯಂಗಿಲ್ಲ!”

ತುರೋರಿಯ ಹೆದ್ದಾರಿ ಪಕ್ಕದ ಕಾಟಾ ಅದು. ಲಾರಿ, ಟ್ರ್ಯಾಕ್ಟರುಗಳನ್ನು ಸರಕಿನ ಸಮೇತ ತೂಗುವ ಜಾಗ. ಕಿಟಕಿಯಿಂದ ಕೂಗಿದವಳು ಮೀನಲ. ಸೋಯಾಬೀನ್ ತುಂಬಿದ ಟ್ರ್ಯಾಕ್ಟರಿನಿಂದ ಥಟ್ಟನೆ ಜಿಗಿದವನು ದಾಳಿಂಬ ಊರಿನ ರೇವಣಸಿದ್ಧ. ಹಿಂದಿದ್ದ ಲಾರಿಯವರೂ ತೆಪ್ಪಗೆ ಇಳಿದರು.

ಕಣ್ಣಿಗೆ ಕಣ್ಣು ಕೂಡಿತು. ಅಯ್ಯೋ… ಅವ್ವ ತೋರಿಸಿದ ಫೋಟೋದವನೇ!

ಮದುವೆಯ ಮಾತು ಬಂದಿರುವ ಹುಡುಗನ ಮುಂದೆ ಹೀಗಾ ಕಿರುಚುವುದು? ತಲೆ ತಗ್ಗಿಸಿ ತೂಕದ ಚೀಟಿ ಚಾಚಿದಳು. ಅವನು ನಕ್ಕ. ಸುಳ್ಳೇಕೆ, ಆ ನಗು ಅವಳಿಗೆ ತುಂಬಾ ಹಿಡಿಸಿತು.

ಆದರೆ ಅವನು ಆಚೆ ನಿಂತು ಮೊಬೈಲಿನಲ್ಲಿ ಆಡಿದ ಮಾತು ಕಿಟಕಿಯೊಳಗೆ ಸ್ಪಷ್ಟವಾಗಿ ಕೇಳಿಸಿತು.

“ಅವ್ವಾ, ಹುಡುಗಿಗಿ ನೋಡಿದೆ. ಭಾಳ ವಜನ ಅದ!”

ವಜನ… ತೂಕ! ದಿನಾ ಟನ್‌ಗಟ್ಟಲೆ ತೂಗುವವಳಿಗೆ ಆ ಒಂದು ಮಾತು ಹೊರಲಾಗಲಿಲ್ಲ.

“ಹದಿನೈದು ದಿನ ತಡೀ ಅವ್ವಾ. ಆಮ್ಯಾಲ ಜವಾಬು ಕೊಡ್ತಿನಿ,” ಎಂದಳು ತಾಯಿ ಸರುಬಾಯಿಗೆ.

“ನಿಲಂಗಾದಾಗ ಅವರಿಗಿ ಇನ್ನೊಂದು ಹುಡುಗಿ ತೋರಸ್ಯಾರಂತ. ಅವರೇನು ದಾರಿ ಕಾಯ್ತಾರೇನ?”

ಕಾಯಲಿ ದೇವರೇ, ಎಂದುಕೊಂಡಳು ಮೀನಲ. ಮೊಬೈಲಿನಲ್ಲಿ ಕಂಡ ಬಕ್‌ವೀಟ್ ಚಹಾ ತರಿಸಿದಳು. ‘ಕುಡಿಯಿರಿ, ಸಪೂರಾಗಿ’ ಎಂದಿತ್ತು ಪೊಟ್ಟಣದ ಮೇಲೆ. ಉತ್ತರದವರು ಉಪವಾಸಕ್ಕೆ ತಿನ್ನುವ ಕುಟ್ಟು ಕಾಳಿನ ಚಹಾ ಅದು. ದಿನಕ್ಕೆ ಆರು ಕಪ್ಪು. ಜೋಳದ ಭಕ್ರಿ ಪೂರ್ತಿ ಬಂದ್. ಉಪವಾಸಕ್ಕೂ ಒಂದು ದೇವರಿರಬೇಕು, ಇವಳದು ಯಾವ ದೇವರಿಗೋ!

ವಾರದೊಳಗೆ ಮೈಮೇಲೆ ದದ್ದು, ತುರಿಕೆ. ಔಷಧ ಕೆಲಸ ಮಾಡುತ್ತಿದೆ ಎಂದುಕೊಂಡಳು ಹುಚ್ಚಿ!

ಹನ್ನೆರಡನೇ ದಿನ ರೇವಣಸಿದ್ಧ ಮತ್ತೆ ಬಂದ. ಈ ಸಲ ಟ್ರ್ಯಾಕ್ಟರ್ ಖಾಲಿ.

“ತೂಕಕ್ಕ ಬಂದಿಲ್ರಿ. ನಿಮ್ಮ ಜವಾಬು ಕೇಳಲಾಕ ಬಂದಿನಿ. ನಾ ಮನಸಿಗಿ ಬಂದಿಲ್ಲಂದ್ರ…”

ಮೀನಲ ಎದ್ದು ನಿಂತಳು. ತುಟಿ ಊದಿತ್ತು. ಕಣ್ಣು ಕತ್ತಲಿಟ್ಟು ಕುಸಿದಳು.

ಉಮರ್ಗಾದ ದವಾಖಾನೆಯಲ್ಲಿ ಸೂಜಿ ಚುಚ್ಚಿ, ಸಲೈನ್ ಏರಿಸಿದ ಮೇಲೆ ಡಾಕ್ಟರು ಗದರಿದರು. “ಕುಟ್ಟು ಕೆಲವರಿಗಿ ಒಗ್ಗಂಗಿಲ್ಲ. ಇನ್ನ ಒಂದು ಗುಟುಕೂ ಕುಡೀಬ್ಯಾಡ್ರಿ. ಉಸಿರಿಗಿ ಬಂದಿದ್ರ ಏನ ಮಾಡ್ತಿದ್ರಿ? ಮ್ಯಾಲ ಊಟ ಬ್ಯಾರೆ ಬಿಟ್ಟೀರಿ!”

ಡಾಕ್ಟರು ಹೋದರು. ರೇವಣಸಿದ್ಧನ ಮುಖ ಬಿಳಿಚಿತ್ತು.

“ಯಾಕ ಕುಡದ್ರಿ?”

“ನೀವೇ ಅಂದ್ರಲ್ಲ… ಹುಡುಗಿಗಿ ಭಾಳ ವಜನ ಅದ ಅಂತ!” ಮೀನಲಳಿಗೆ ಅಳು ಬಂದುಬಿಟ್ಟಿತು.

ಅವನು ಹಣೆ ಚಚ್ಚಿಕೊಂಡ.

“ಯವ್ವಾ! ಯಾರ ಮಾತೂ ಕೇಳಲಾರದ ಲಾರಿಯವರು ನೀವು ಒಂದ ಸಲ ಒದರಿದ್ರ ಇಳದ್ರು. ಊರಾಗ ಪಾಟೀಲಗ ವಜನ ಅದ ಅಂತಾರ, ಅಂವಾ ಕಡ್ಡಿ ಇದ್ದಂಗ ಹಾನ! ನಿಮ್ಮ ಮಾತಿಗಿ ವಜನ ಅದ, ಕಿಮ್ಮತ್ತು ಅದ ಅಂತ ಅಂದಿನ್ರೀ ನಾ!”

ಮೀನಲ ಅಳುತ್ತಲೇ ನಕ್ಕಳು. ಊದಿದ ತುಟಿಯಲ್ಲಿ ನಗು ಸೊಟ್ಟಗೆ ಬಂತು.

“ಮೈ ತೂಕ…?” ಮೆಲ್ಲಗೆ ಕೇಳಿದಳು.

“ಅದು ನಾ ನೋಡೇ ಇಲ್ರಿ. ನಿಮ್ಮ ಕಣ್ಣ ನೋಡಕೋತ ನಿಂತಿದ್ದೆ.”

ನಾಲ್ಕು ದಿನದ ನಂತರ ಅದೇ ಟ್ರ್ಯಾಕ್ಟರ್ ಕಾಟಾ ಏರಿತು. ಸವಾರ ಇಳಿಯಲೇ ಇಲ್ಲ.

“ಕೆಳಗ ಇಳೀರಿ!”

ರೇವಣಸಿದ್ಧ ಇಳಿದು ಕಿಟಕಿಗೆ ಬಂದ. ತನ್ನವ್ವ ಕಟ್ಟಿಕೊಟ್ಟ ಭಕ್ರಿ, ಪುಂಡಿಪಲ್ಯದ ಗಂಟನ್ನು ಒಳಗೆ ಚಾಚಿದ.

“ನಿಲಂಗಾದವರಿಗಿ ಆಗಲ್ಲ ಅಂದೀವಿ. ಈಗರೆ ಹೇಳ್ರಿ, ಅವ್ವಗ ಏನ ಹೇಳ್ಲಿ?”

ಮೀನಲ ಭಕ್ರಿ ಮುರಿದು ಬಾಯಿಗಿಟ್ಟಳು.

“ಹೂಂ ಅಂತ ಹೇಳ್ರಿ.”

“ಅಷ್ಟೇನಾ? ಇನ್ನೊಂದ ಸಲ ಅನ್ರಿ…”

“ಯಾಕ? ನನ್ನ ಮಾತಿಗಿ ವಜನ ಅದ. ಒಂದ ಸಲ ಅಂದ್ರ ಸಾಕು!”