ಉತ್ತರ ಕೊಟ್ಟವನು

ಸೋಮವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ದೂರು ಬಂತು. ತಂದವರು ದೊಡ್ಡ ಹಣಕಾಸು ಸಂಸ್ಥೆಯೊಂದರ ನೇಮಕಾತಿ ಅಧಿಕಾರಿ. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು.

"ಕಂಪ್ಯೂಟರ್ ವಿಭಾಗಕ್ಕೆ ಒಬ್ಬನನ್ನ ವಿಡಿಯೊದಲ್ಲಿ ಸಂದರ್ಶನ ಮಾಡಿ ತಗೊಂಡ್ವಿ ಸಾರ್. ಮುಖ ಅವನದೇ. ಉತ್ತರ ಕೊಟ್ಟ ದನಿ ಬೇರೆ ಯಾರದೋ. ಇವನು ಬರೀ ತುಟಿ ಆಡಿಸಿದ್ದಾನೆ."

"ಯಾವಾಗ ಗೊತ್ತಾಯ್ತು?"

"ಕೆಲಸಕ್ಕೆ ಸೇರಿದ ಮೂರನೇ ದಿನ. ಕಂಪ್ಯೂಟರ್ ಮುಂದೆ, ದೇವರ ಮುಂದೆ ಕೂತ ಹಾಗೆ ಕೈಮುಗಿದು ಕೂತಿದ್ದ."

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಅಭ್ಯರ್ಥಿಯ ಬಾಡಿಗೆ ಕೋಣೆಯಲ್ಲಿ ಪಂಚನಾಮೆ ಮಾಡಿ ಲ್ಯಾಪ್‌ಟಾಪ್ ವಶಕ್ಕೆ ಪಡೆದರು. ಹುಡುಗ ಅತ್ತನೇ ಹೊರತು ಬಾಯಿ ಬಿಡಲಿಲ್ಲ.

ಸಂಜೆ ಠಾಣೆಯಲ್ಲಿ ಸಂದರ್ಶನದ ವಿಡಿಯೊ ಹಾಕಿ ಕೂತರು. ಸಾವಧಾನದ ದನಿ, ಬಾವಿಯಿಂದ ನೀರು ಸೇದಿದಷ್ಟು ಸಲೀಸಾಗಿ ಉತ್ತರಗಳು ಬರುತ್ತಿದ್ದವು. ಸರ್ವರ್ ಕೆಟ್ಟರೆ ಗ್ರಾಹಕರ ವಿವರ ಹೇಗೆ ಉಳಿಸುತ್ತೀರಿ ಎಂಬ ಪ್ರಶ್ನೆಗೆ ಹತ್ತು ನಿಮಿಷ ವಿವರಿಸಿದ ದನಿ, ಕೊನೆಗೆ ಕೇಳಿತು: "ಅರ್ಥ ಆಯ್ತಾ? ಮುಂದಕ್ಕೆ ಹೋಗೋಣ್ವಾ?"

ಕೇಳಿದ್ದು ಸಂದರ್ಶನ ಮಾಡುತ್ತಿದ್ದವರನ್ನು! ಅವರೂ ಒಕ್ಕೊರಲಿನಿಂದ "ಆಯ್ತು" ಅಂದಿದ್ದರು.

ಹೆಡ್ ಕಾನ್‌ಸ್ಟೇಬಲ್ ನಕ್ಕುಬಿಟ್ಟ. "ಸಾರ್, ಇವನು ಕೆಲಸ ಕೇಳೋಕೆ ಬಂದವನಲ್ಲ, ಪಾಠ ಹೇಳೋಕೆ ಬಂದವನು."

ಇನ್ಸ್‌ಪೆಕ್ಟರ್ ನಗಲಿಲ್ಲ. "ಹುಡುಗ ಎಲ್ಲಿ ಕಲಿತ, ನೋಡು."

ಅರ್ಜಿಯಲ್ಲಿ ಒಂದು ತರಬೇತಿ ಕೇಂದ್ರದ ಹೆಸರಿತ್ತು. ಮಂಗಳವಾರ ಹನ್ನೊಂದೂವರೆಗೆ ಇಬ್ಬರೂ ಅದರ ಮೆಟ್ಟಿಲು ಹತ್ತಿದರು. ಮುಚ್ಚಿದ ಬಾಗಿಲಿನಾಚೆ ಅದೇ ದನಿ, ಅದೇ ಪ್ರಶ್ನೆ: "ಅರ್ಥ ಆಯ್ತಾ?" ಇನ್ಸ್‌ಪೆಕ್ಟರ್ ಪಾಠ ಮುಗಿಯುವವರೆಗೆ ಹೊರಗೇ ನಿಂತರು. ಗುಡಿಯಲ್ಲಿ ಮಂಗಳಾರತಿ ಮುಗಿಯದೆ ಯಾರೂ ಕದಲುವುದಿಲ್ಲವಲ್ಲ, ಹಾಗೆ.

ಹೊರಬಂದವರು ಐವತ್ತರ ಹತ್ತಿರದ ಮನುಷ್ಯ. ಕೈಗೆ ಬೋರ್ಡಿನ ಶಾಯಿ. ಖಾಕಿ ಕಂಡೊಡನೆ ಅರ್ಥವಾಯಿತು.

"ಹುಡುಗ ಹೇಳಿದ್ನಾ?"

"ಇಲ್ಲ. ನೀವೇ ಹೇಳಿದ್ರಿ. ಎಷ್ಟು ಜನಕ್ಕೆ ಉತ್ತರ ಕೊಟ್ಟಿದ್ದೀರಿ ಮೇಷ್ಟ್ರೇ?"

"ಇವನೊಬ್ಬನಿಗೇ. ಕೈಕಾಲು ಹಿಡಿದ. ಆ ಸಂಸ್ಥೆಗೆ ನಾನೂ ಒಂಬತ್ತು ಸಲ ಅರ್ಜಿ ಹಾಕಿದ್ದೆ ಸಾರ್. ಒಂದು ಸಲವಾದ್ರೂ ಕರೀಲಿಲ್ಲ."

"ಯಾಕೆ?"

"ಆರು ವರ್ಷ ಕೆಲಸ ಬಿಟ್ಟಿದ್ದೆ. ಮನೆಯವಳು ಹಾಸಿಗೆ ಹಿಡಿದಿದ್ಲು, ನೋಡ್ಕೊಳ್ಳೋಕೆ ಬೇರೆ ಯಾರಿದ್ರು? ಆರು ವರ್ಷ ಖಾಲಿ ಅಂತ ಕಂಡ್ರೆ ಅವರ ಯಂತ್ರ ಅರ್ಜೀನ ಆಚೆ ಹಾಕುತ್ತೆ."

ಇನ್ಸ್‌ಪೆಕ್ಟರ್ ನೇಮಕಾತಿ ಅಧಿಕಾರಿಗೆ ಫೋನ್ ಮಾಡಿ ವಿಚಾರಿಸಿದರು. ಮಾತು ನಿಜ.

"ಈ ವರ್ಷ ಅಷ್ಟು ಚೆನ್ನಾಗಿ ಉತ್ತರ ಕೊಟ್ಟವರು ಇನ್ನೊಬ್ಬರಿಲ್ಲ ಸಾರ್," ಎಂದರು ಆತ.

"ಹಾಗಾದ್ರೆ ಇವರನ್ನೇ ತಗೊಳ್ಳಿ."

"ಹೇಗಾಗುತ್ತೆ ಸಾರ್? ಈಗ ಅವರ ಮೇಲೆ ಕೇಸಿದೆಯಲ್ಲ."

ಹನ್ನೆರಡೂವರೆಗೆ ಬಂಧನವಾಯಿತು. ಬಂಧಿಸಿದ್ದನ್ನು ಮನೆಯವರಿಗೆ ತಿಳಿಸಬೇಕು, ಕಾನೂನು. ಸಂಖ್ಯೆ ಕೊಡುವಾಗ ಮೇಷ್ಟ್ರು ತಲೆ ತಗ್ಗಿಸಿದರು.

"ಸಾರ್, ಅವಳಿಗೆ ಬೇರೆ ಹೇಳಿದ್ದೀನಿ. ಆ ಕೆಲಸ ನನಗೇ ಸಿಕ್ತು ಅಂತ."

ಮೂರನೇ ರಿಂಗಿಗೆ ಫೋನ್ ಎತ್ತಿದ ದನಿ ತೀರ ಸಣ್ಣದು. "ಯಾರು, ಆಫೀಸಿನವರಾ? ಅವರು ಬೆಳಗ್ಗೇನೇ ಹೊರಟ್ರಲ್ಲಾ."

ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ದೇವರನ್ನು ನೆನೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಿದ್ರಾ, ಅಣ್ಣಾ?"

"ಎಲ್ಲದಕ್ಕೂ ಕೊಟ್ಟಿದ್ದಾರಮ್ಮ."

"ಕೊಟ್ಟೇ ಕೊಡ್ತಾರೆ," ಎಂದಳು ಆಕೆ. "ನನಗೆ ಗೊತ್ತಿತ್ತು."

ಫೋನ್ ಇಟ್ಟು ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು: ಪತ್ನಿಗೆ ಮಾಹಿತಿ ನೀಡಲಾಯಿತು, ಸಮಯ ಹನ್ನೆರಡೂ ಐವತ್ತು. ಅಪರಾಧದ ಉದ್ದೇಶ: ತನ್ನನ್ನೂ ಒಮ್ಮೆ ಯಾರಾದರೂ ಪ್ರಶ್ನೆ ಕೇಳಲಿ ಎಂಬುದು.